ಮೂವತ್ತೈದು ರೂಪಾಯಿಯ ಎಲೆ

ಸಿಲಿಂಡರಿನ ಹೆಗಲ ಮೇಲೊಂದು ಎಲೆ,
ಅಂಗೈ ಅಗಲ, ಎಳೆ ಹಸಿರು.
ಕೆಳಗೆ ಬರೆದಿತ್ತು: ಈ ಉರಿಗೆ ಹೊಗೆಯ ಋಣವಿಲ್ಲ.
ಎಲೆ ಇಲ್ಲದ್ದಕ್ಕಿಂತ ಮೂವತ್ತೈದು ರೂಪಾಯಿ ಹೆಚ್ಚು.

ಮಂಡ್ಯದ ಗುತ್ತಲು ರಸ್ತೆಯ ಮೆಸ್ಸಿನ ಕೆಂಪಾಜಮ್ಮ
ತಿಂಗಳಿಗೆ ನಾಲ್ಕರಂತೆ ಎರಡು ವರ್ಷ
ಎಲೆಯುಳ್ಳದ್ದನ್ನೇ ಕೇಳಿ ಇಳಿಸಿಕೊಂಡಳು.
ಹುಡುಗಿಯಾಗಿದ್ದಾಗ ಆಲೆಮನೆಯ ಒಲೆಬಾಯಿಗೆ
ಕಬ್ಬಿನ ಸಿಪ್ಪೆ ತುರುಕಿ ತುರುಕಿ
ಆಕಾಶಕ್ಕೆ ಕಪ್ಪು ಬಳಿದವಳು.
"ಒಸಿ ತೀರ್ಲಿ ಅಂತ" ಅಂದಳು ನನಗೆ, ಅಷ್ಟೆ.

ತೀರುತ್ತಿಲ್ಲವೆಂದು ಹೇಳಿದವನು
ಮುದ್ದೆ ಮುರಿಯುತ್ತಿದ್ದ ಒಬ್ಬ ಟಿಪ್ಪರ್ ಡ್ರೈವರು:
"ಹನ್ನೊಂದು ಸಾವಿರ ಗಿಡವಾ? ಆ ಕಾವಲಲ್ಲಾ?
ದಿನಾ ಹೋಯ್ತೀನಿ ಕನಕ್ಕ,
ನೆಳ್ಳಿದ್ರೆ ಗಾಡಿ ನಿಲ್ಸ್ತಿರ್ನಿಲ್ವಾ?"

ಹೀಗೆ ಶುರುವಾಯಿತು
ಮೂರು ಸಾವಿರದ ಮುನ್ನೂರ ಅರವತ್ತು ರೂಪಾಯಿಯ ದೂರು.

ಗ್ರಾಹಕರ ಆಯೋಗ ನನ್ನನ್ನು ಕಮಿಷನರ್ ಮಾಡಿತು.
ದೊಡ್ಡ ಹೆಸರು; ಕೆಲಸ, ಮರ ಎಣಿಸುವುದು.
ಕರಿ ಕೋಟು ಕಳಚಿ ಸ್ಕೂಟರಿನ ಡಿಕ್ಕಿಗೆ ಹಾಕಿ
ನಾಗಮಂಗಲದಾಚೆಯ ಕಾವಲಲ್ಲಿ ಎರಡು ದಿನ ನಡೆದೆ,
ಕೈಯಲ್ಲಿ ಸೀಮೆಸುಣ್ಣ, ಎಣಿಸಿದ್ದನ್ನೇ ಎಣಿಸಬಾರದಲ್ಲ.

ಗುಂಡಿಗಳಿದ್ದವು.
ಸಾಲಾಗಿ, ನಿಯತ್ತಾಗಿ, ಗುಂಡಿಗಳಿದ್ದವು.
ಕೆಲವದರಲ್ಲಿ ಸಸಿಯ ಕಪ್ಪು ಪ್ಲಾಸ್ಟಿಕ್ ಚೀಲ,
ಒಂದರಲ್ಲಿ ಮರಿಹಾಕಿದ ನಾಯಿ.
ಇನ್ನೂರ ಹನ್ನೆರಡು ಹೊಂಗೆ ನಿಜವಾಗಿಯೂ ನಿಂತಿದ್ದವು,
ತಬ್ಬಿದರೆ ತೋಳು ತುಂಬುವಷ್ಟು.
ಎರಡು ವರ್ಷದ ಸಸಿಗಳು!
ತೊಗಟೆಯ ಮೇಲೆ ಹಸಿರು ಬಣ್ಣದಲ್ಲಿ ಕಂಪನಿಯ ಅಂಕಿ.
ಉಗುರಿನಿಂದ ಕೆರೆದೆ: ಅಡಿಯಲ್ಲಿ ನೀಲಿ, ಯಾವುದೋ ಸಿಮೆಂಟಿನವರದು.
ಇನ್ನೂ ಕೆರೆದೆ: ಬಿಳಿ, ಅರಣ್ಯ ಇಲಾಖೆಯದು.
ಮೇಕೆ ಬಿಟ್ಟುಕೊಂಡು ಕೂತಿದ್ದ ಸಿದ್ದಲಿಂಗು ನಕ್ಕ:
"ಇವು ನಮ್ಮಪ್ಪ ಕೂಲಿಗೆ ನೀರು ಹೊತ್ತು ಸಾಕಿದ್ವು.
ಒಂದು ಮರ ಎಷ್ಟು ಜನಕ್ಕೆ ಅಂತ
ಜಾಮೀನು ನಿಂತ್ಕಂಡದು, ಯೋಳಿ?"

ವಿಚಾರಣೆಯ ದಿನ ಬೆಂಗಳೂರಿನಿಂದ ಬಂದ ವಕೀಲರು
ನೀರು ಕುಡಿದು, ನಯವಾಗಿ ಕೇಳಿದರು:
"ಇಂಗಾಲ ಅಂದರೆ ಏನು ಗೊತ್ತೇನಮ್ಮ?"
ಸೆರಗಿಗೆ ಕೈ ಒರೆಸಿಕೊಂಡು ಕೆಂಪಾಜಮ್ಮ:
"ಗೊತ್ತಿಲ್ಲ ಸ್ವಾಮಿ. ಗೊತ್ತಿದ್ದಿದ್ರೆ
ಮೂವತ್ತೈದು ರೂಪಾಯಿ ಯಾಕೆ ಕೊಡ್ತಿದ್ದೆ?"
ಬೆಂಚ್ ಕ್ಲರ್ಕು ಕೆಮ್ಮಿದ ಹಾಗೆ ನಕ್ಕ.

ಆಮೇಲೆ ಅವರೆಂದರು: ಅದು ಮಾತಿನ ಚಮತ್ಕಾರ, ಮಾನ್ಯರೇ,
ಜಾಹೀರಾತಿನ ಅತಿಶಯೋಕ್ತಿ,
ಯಾರೂ ಅಕ್ಷರಶಃ ನಂಬುವುದಿಲ್ಲ.

ಹಿಂದಿನ ಬೆಂಚಿನಲ್ಲಿ ಕೂತು
ಕೇಸಿನ ಕಡತದೊಳಗೆ ಕದ್ದು ಪದ್ಯ ಬರೆಯುವವಳು ನಾನು.
ಅತಿಶಯೋಕ್ತಿ ನನ್ನ ಮನೆದೇವರು.
ನಕ್ಷತ್ರಗಳನ್ನು ಮೊರದಲ್ಲಿ ಕೇರಿದ್ದೇನೆ,
ಕಾವೇರಿಯನ್ನು ಕಣ್ಣಲ್ಲಿ ಹರಿಸಿದ್ದೇನೆ,
ಅದಕ್ಕೆಂದು ಯಾರಿಗೂ ರಸೀದಿ ಹರಿದಿಲ್ಲ.

ಆದೇಶ ಬಂತು: ಹಣ ವಾಪಸು, ಖರ್ಚು ಐದು ಸಾವಿರ,
ಮತ್ತು ಸಂಜಯ ಸರ್ಕಲ್ಲಿನ ಅದೇ ಗೋಡೆಯ ಮೇಲೆ
ಅದೇ ಅಳತೆಯ ಅಕ್ಷರದಲ್ಲಿ
ಈ ಉರಿಗೂ ಹೊಗೆಯ ಋಣವಿದೆ
ಎಂದು ಬರೆಸತಕ್ಕದ್ದು.
ಕಂಪನಿ ಮೇಲ್ಮನವಿ ಹೋಯಿತು. ತಡೆಯಾಜ್ಞೆ.
ಗೋಡೆಗೆ ಸದ್ಯ ಬರೀ ಸುಣ್ಣ;
ಮಳೆಗೆ ನೆಂದಾಗ ಅಡಿಯಿಂದ ಹಸಿರು ಕಾಣುತ್ತದೆ.
ಸಿಲಿಂಡರುಗಳ ಮೇಲೆ ಈಗ ಮಾತಿಲ್ಲ,
ಎಲ್ಲದರ ಮೇಲೂ ಬರೀ ಎಲೆ.

ನಿನ್ನೆ ಊಟಕ್ಕೆ ಹೋಗಿದ್ದೆ.
ಎಲೆಯಿರುವ ಮಗ್ಗುಲನ್ನು ಗೋಡೆಗೆ ತಿರುಗಿಸಿ ಕೂರಿಸಿದ್ದಾಳೆ,
ತಪ್ಪು ಮಾಡಿದ ಹುಡುಗನ ಹಾಗೆ.
ಉರಿ ನೀಲಿ. ಬಸ್ಸಾರು ಕುದಿಯುತ್ತಿತ್ತು.
"ಆ ಹೊಂಗೆ ಮರ ಚೆಂದಾಗವಾ?" ಕೇಳಿದಳು.
ಚೆನ್ನಾಗಿವೆ ಅಂದೆ.
ಸೌಟು ಎತ್ತಿ ಹಿಡಿದು ನನ್ನನ್ನೇ ನೋಡಿದಳು:
"ನೀನೂ ಅವುಗಳ ಮೈಮೇಲೆ ಬರೆದು ಬಂದ್ಯಾ?"

ಸೀಮೆಸುಣ್ಣ, ಅಂದೆ.
ಮಳೆಗೆ ಹೋಗುತ್ತೆ.